ಒಂದೇ ಮಧ್ಯಾಹ್ನ ಎರಡು ಬೆಂಕಿ

ಸಲ್ಮಾಬಾದ್, ಬಹರೈನ್
ಅಕ್ಟೋಬರ್ ೧೯೮೨

ಮಾನ್ಯ ಸುರಕ್ಷತಾಧಿಕಾರಿಗಳೇ,

ತಮ್ಮ ಕಂಪನಿಯ ಪೇಂಟರ್ ಚನಿಯ ಕಳೆದ ಜುಲೈ ತಿಂಗಳ ಒಂದು ಮಧ್ಯಾಹ್ನ ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ, ಕಬ್ಬಿಣದ ಟ್ಯಾಂಕಿನ ಒಳಗೆ ಕೆಲಸ ಮಾಡುತ್ತಿರುವಾಗ ಬೆಂಕಿಗೆ ಸಿಕ್ಕಿದ. ತಾವು ಹೇಳುವುದು ಬೇರೆ. ಅವನು ತನ್ನ ಕೋಣೆಯಲ್ಲಿ, ಕ್ಯಾಂಪಿನ ನಿಯಮ ಮೀರಿ ಸೀಮೆಎಣ್ಣೆ ಸ್ಟೌ ಹಚ್ಚಿ, ಅಡುಗೆ ಮಾಡಲು ಹೋಗಿ ಸುಟ್ಟುಕೊಂಡ ಎನ್ನುತ್ತೀರಿ. ನಮ್ಮಿಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೇವೆ. ಅದು ಯಾರೆಂದು ನಾಲ್ಕು ಜನ ಓದಿ ತೀರ್ಮಾನಿಸಲಿ ಎಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ತಮ್ಮ ಕ್ಯಾಂಪಿನ ಡಿಸ್ಪೆನ್ಸರಿಯಲ್ಲಿ ದಾದಿ. ಕನ್ನಡದಲ್ಲಿ ಏಕೆ ಬರೆದೆ ಎಂದು ತಾವು ಕೇಳಲಾರಿರಿ, ಏಕೆಂದರೆ ತಾವೂ ನಮ್ಮ ಕರಾವಳಿಯವರೇ. ಇಲ್ಲಿನ ನಮ್ಮವರ ಸಂಘದ ಸಭೆಗಳಲ್ಲಿ ಮೊದಲ ಸಾಲಿನ ಕುರ್ಚಿ ತಮ್ಮದು, ಕೊನೆಯ ಭಾಷಣವೂ ತಮ್ಮದು. ಸಂಘದ ವಾರ್ಷಿಕ ಸಂಚಿಕೆಗೆ 'ಮನೆಯಲ್ಲಿ ಪ್ರಥಮ ಚಿಕಿತ್ಸೆ' ಎಂಬ ಲೇಖನ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದರು. ಅದರ ಬದಲು ಇದನ್ನು ಕೊಟ್ಟೆ. ಸಂಪಾದಕರು ಎರಡು ಪುಟ ಓದಿ, ಬಾಗಿಲು ಹಾಕಿ ಬಂದು, "ಸಿಸ್ಟರ್, ನೀವು ಊರಿಗೆ ಹೋಗುವ ಅಂದಾಜಿನಲ್ಲಿದ್ದೀರಾ?" ಎಂದು ಮೆಲ್ಲಗೆ ಕೇಳಿದರು. ಹಾಗಾಗಿ ಇದು ಮಂಗಳೂರಿನ ವಾರಪತ್ರಿಕೆಗೆ ಹೋಗುತ್ತಿದೆ. ಅಲ್ಲಿಂದ ವಿಮಾನದಲ್ಲಿ ಬರುವ ಪ್ರತಿ ತಮ್ಮ ಕೈಗೆ ತಲುಪುತ್ತದೆಂಬ ಭರವಸೆ ನನಗಿದೆ. ಒಳ್ಳೆಯ ಸುದ್ದಿಯನ್ನು ತಲುಪಿಸುವವರಿಗಿಂತ ಇಂಥದ್ದನ್ನು ತಲುಪಿಸುವವರು ನಮ್ಮಲ್ಲಿ ಹೆಚ್ಚು.

ಸಲ್ಮಾಬಾದನ್ನು ನೋಡದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು. ಇಲ್ಲಿ ಗೋದಾಮು, ವರ್ಕ್‌ಶಾಪು, ತಗಡಿನ ಮಾಡಿನ ಕ್ಯಾಂಪುಗಳು ಒಂದಕ್ಕೊಂದು ಅಂಟಿಕೊಂಡಿವೆ. ಓಣಿಗಳಿಗೆ ಹೆಸರಿಲ್ಲ. ಸರಕಾರದ ಅಗ್ನಿಶಾಮಕದವರು ಕರೆದರೆ ಬರುತ್ತಾರೆ, ಅವರ ಮೇಲೆ ನನ್ನ ದೂರಿಲ್ಲ. ಆದರೆ ಫೋನ್ ಹುಡುಕಿ, ಅರಬ್ಬಿಯಲ್ಲಿ ದಾರಿ ಹೇಳಿ, ಅವರು ಯಾವ ಗೋಡೆಯ ಹಿಂದೆ ಹೊಗೆ ಎಂದು ಪತ್ತೆ ಮಾಡುವಷ್ಟರಲ್ಲಿ ಉರಿಯುವುದೆಲ್ಲ ಉರಿದಿರುತ್ತದೆ. ಕೆಲವು ವರ್ಷಗಳ ಹಿಂದೆ ಪಕ್ಕದ ಕ್ಯಾಂಪಿನಲ್ಲಿ ಗ್ಯಾಸ್ ಸೋರಿ ಪಠಾಣನೊಬ್ಬ ಸುಟ್ಟುಕೊಂಡಾಗ ಅವನನ್ನು ಸಿಮೆಂಟಿನ ಪಿಕಪ್ಪಿನ ಹಿಂದೆ ಮಲಗಿಸಿ ಸಲ್ಮಾನಿಯಾ ಆಸ್ಪತ್ರೆಗೆ ಒಯ್ದಿದ್ದರು. ಅವನ ಗಾಯದಿಂದ ಸಿಮೆಂಟಿನ ಪುಡಿ ತೆಗೆಯುವುದೇ ಡಾಕ್ಟರರಿಗೆ ಒಂದು ಕೆಲಸವಾಯಿತಂತೆ. ಬದುಕಲಿಲ್ಲ.

ಅದನ್ನು ಕಣ್ಣಾರೆ ಕಂಡವನು ನಮ್ಮ ವೆಲ್ಡರ್ ಚೆನ್ನಪ್ಪ. ಮೂಡಬಿದ್ರೆ ಕಡೆಯವನು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಗುಜರಿಯಿಂದ ಒಂದು ಹಳೆಯ ವ್ಯಾನ್ ತಂದು, ಶುಕ್ರವಾರದ ರಜೆಗಳಲ್ಲಿ ಅದರ ಹೊಟ್ಟೆ ಕೊಯ್ದು ಎರಡು ಭಾಗ ಮಾಡಿದ. ಮುಂದಿನ ಅರ್ಧದಲ್ಲಿ ಒಬ್ಬ ಮಲಗುವಷ್ಟು ಸ್ಟ್ರೆಚರ್, ಹಿಂದಿನ ಅರ್ಧದಲ್ಲಿ ನೀರಿನ ಟ್ಯಾಂಕ್ ಮತ್ತು ಪಂಪು. ಮೆಸ್ಸಿನ ಭಟ್ಟಿ ನೋಡಿಕೊಳ್ಳುವ ಮುಹಮ್ಮದ್ ಶರೀಫ್, ಉಳ್ಳಾಲದ ಬ್ಯಾರಿ, ನಮ್ಮ ಪೈಕಿ ನಾಲ್ಕು ಮಾತು ಅರಬ್ಬಿ ಬಲ್ಲವನು ಅವನೇ, ವ್ಯಾನಿನ ಸ್ವಯಂಸೇವಕ ತಂಡಕ್ಕೆ ಸೇರಿದ. ಪೇಂಟರುಗಳಲ್ಲಿ ಚನಿಯ, ಅವನ ಕೋಣೆಯವನೇ ಆದ ಹೆಲ್ಪರ್ ಲೋಕಯ್ಯ ಸೇರಿದರು. ಇನ್ನೂ ಕೆಲವರು ಬಂದರು. ಯಾರಿಗೂ ಇದಕ್ಕೆ ಸಂಬಳವಿಲ್ಲ. ಸುಟ್ಟ ಗಾಯಕ್ಕೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು, ಮೂಳೆ ಮುರಿದವನನ್ನು ಹೇಗೆ ಎತ್ತಬೇಕು ಎಂದು ನಾನು ಹೇಳಿಕೊಟ್ಟೆ. ಚನಿಯ ಯಾವಾಗಲೂ ರೋಗಿಯ ಪಾತ್ರಕ್ಕೆ ತಯಾರು. ಸ್ಟ್ರೆಚರಿನಲ್ಲಿ ಮಲಗಿ, "ನಿಧಾನ ಮಾರಾಯ್ರೇ, ನಾನು ಸತ್ತಿಲ್ಲ ಇನ್ನೂ" ಎಂದು ಎಲ್ಲರನ್ನೂ ನಗಿಸುತ್ತಿದ್ದ.

ಆ ವ್ಯಾನಿಗೆ ತೆಂಗಿನಕಾಯಿ ಒಡೆದವರು ತಾವೇ. "ಇದು ಕರಾವಳಿಯವರ ಸೇವಾಮನೋಭಾವ" ಎಂದು ತಾವು ಹೇಳಿದ್ದಕ್ಕೆ ನಾನೂ ಚಪ್ಪಾಳೆ ತಟ್ಟಿದ್ದೆ. ಒಂದು ವರ್ಷದೊಳಗೆ ಅದಕ್ಕೆ ಸಲ್ಮಾಬಾದಿನ ಗಾಡಿ ಎಂದೇ ಹೆಸರು ಬಿತ್ತು. ಮಲಯಾಳಿ ಕ್ಯಾಂಪಿನವರು, ಪಾಕಿಸ್ತಾನದವರು, ಫಿಲಿಪೈನ್ಸಿನವರು, ಯಾರ ಕೈ ಯಂತ್ರಕ್ಕೆ ಸಿಕ್ಕಿದರೂ ಮೊದಲು ಓಡಿಬರುತ್ತಿದ್ದುದು ನಮ್ಮ ಗೇಟಿಗೆ. ಗ್ಯಾರೇಜಿನ ಮೆಕ್ಯಾನಿಕ್‌ನ ಹೆಂಡತಿ ವಾಯೊಲೆಟ್ ಬಾಯಮ್ಮನಿಗೆ ಹೆರಿಗೆ ನೋವು ಕಾಣಿಸಿಕೊಂಡಾಗ ಗಂಡ ಟ್ಯಾಕ್ಸಿಗೆ ಅಲೆಯಲಿಲ್ಲ, ನೇರ ಇಲ್ಲಿಗೇ ಬಂದ.

ಅದೇ ಗೇಟಿನ ಪಕ್ಕದಲ್ಲಿ ತಾವು ಒಂದು ಬೋರ್ಡು ನೆಟ್ಟಿರಿ. ನೀಲಿ ಬಣ್ಣ, ಬಿಳಿ ಅಕ್ಷರ. ಅಪಘಾತವಿಲ್ಲದೆ ಕಳೆದ ದಿನಗಳು ಎಷ್ಟು ಎಂದು ಇಂಗ್ಲಿಷಿನಲ್ಲಿ ಬರೆದು, ಅಂಕಿ ಬದಲಾಯಿಸಲು ಜಾಗ ಬಿಟ್ಟ ಬೋರ್ಡು. ಹೆಡ್ ಆಫೀಸಿನವರು ಅತಿ ಹೆಚ್ಚು ದಿನ ತೋರಿಸಿದ ಶಾಖೆಗೆ ಶೀಲ್ಡ್ ಕೊಡುತ್ತಾರಂತೆ, ಆ ಅಂಕಿ ನೋಡಿ ದೊಡ್ಡ ಗುತ್ತಿಗೆಗಳು ಬರುತ್ತವಂತೆ. ಒಳ್ಳೆಯದೇ ಅಲ್ಲವೇ? ಅಪಘಾತ ಆಗಬಾರದೆಂದು ಯಾರಿಗೆ ಆಸೆಯಿಲ್ಲ? ನಮಗೂ ಹಾಗೆಯೇ ಅನಿಸಿತ್ತು. ಆದರೆ ಅಂಕಿ ಏರುತ್ತಾ ಹೋದಂತೆ ನನ್ನ ಡಿಸ್ಪೆನ್ಸರಿಯ ಬ್ಯಾಂಡೇಜೂ ಖರ್ಚಾಗುತ್ತಾ ಹೋಯಿತು. ಇದು ಹೇಗೆ? ಬೆರಳು ಜಜ್ಜಿಸಿಕೊಂಡ ಫಿಟ್ಟರನಿಗೆ ತಾವು "ಜ್ವರ" ಎಂದಿರಿ, ಅವನು ಕೋಣೆಯಲ್ಲಿ ಕೂತು ಒಂದೇ ಕೈಯಲ್ಲಿ ಇಸ್ಪೀಟು ಆಡಿದ. ಏಣಿಯಿಂದ ಬಿದ್ದವನು ತಮ್ಮ ಬಾಯಲ್ಲಿ "ಬಾತ್‌ರೂಮಿನಲ್ಲಿ ಜಾರಿದವನು" ಆದ. ನಮ್ಮ ಕ್ಯಾಂಪಿನ ಬಾತ್‌ರೂಮುಗಳಷ್ಟು ಅಪಾಯದ ಜಾಗ ಇಡೀ ಕೊಲ್ಲಿಯಲ್ಲಿ ಇನ್ನೊಂದಿರಲಾರದು. ಹೀಗಿದ್ದೂ ಅವುಗಳ ನೆಲಕ್ಕೆ ಸಿಮೆಂಟು ಹಾಕಿಸಲು ತಮಗೆ ಏಕೆ ತೋಚಲಿಲ್ಲ, ಮಾನ್ಯರೇ?

ಸಲ್ಮಾನಿಯಾಕ್ಕೆ ಹೋದವನನ್ನು ಮಾತ್ರ ಮುಚ್ಚಿಡುವುದು ಕಷ್ಟ. ಅಲ್ಲಿ ಯಾರು, ಎಲ್ಲಿ, ಹೇಗೆ ಎಂದು ಕೇಳುತ್ತಾರೆ. ಅಲ್ಲಿಗೆ ಜನರನ್ನು ಒಯ್ಯುವುದೇ ನಮ್ಮ ವ್ಯಾನಿನ ಕೆಲಸ. ಹೀಗೆ ತಾವು ಕಾಯಿ ಒಡೆದ ವ್ಯಾನೇ ತಮ್ಮ ಬೋರ್ಡಿಗೆ ಶತ್ರುವಾಯಿತು. ಇದು ನನಗೆ ಅರ್ಥವಾಗಲು ಸಮಯ ಬೇಕಾಯಿತು. ಮೊದಲು ತಾವು ತಂಡಕ್ಕೆ ಹೊಸ ಅಂಗಿ ಹೊಲಿಸಿಕೊಟ್ಟಿರಿ. ಆಮೇಲೆ, "ಹೊರಗಿನ ಕ್ಯಾಂಪಿಗೆ ಹೋಗುವ ಮೊದಲು ಒಂದು ಮಾತು ಹೇಳಿ" ಎಂದಿರಿ. ಆಮೇಲೆ, "ಎಲ್ಲಿಗೆ ಹೋಗುವುದಾದರೂ ಹೇಳಿ" ಎಂದಿರಿ. ಕೈಯಲ್ಲಿ ತಿರುಗಿಸುವ ಸೈರನ್ ರಿಪೇರಿಗೆ ಹೋಯಿತು. ಏನು ಕೆಟ್ಟಿತ್ತೋ ನಮಗ್ಯಾರಿಗೂ ಗೊತ್ತಿಲ್ಲ, ಇವತ್ತಿಗೂ ಅದು ಬಂದಿಲ್ಲ. ಕೊನೆಗೆ ವ್ಯಾನಿನ ಕೀ ತಮ್ಮ ಕಚೇರಿಯ ಗಾಜಿನ ಕಪಾಟಿಗೆ ಹೋಯಿತು. "ಕಳ್ಳತನ ಜಾಸ್ತಿ, ಸುರಕ್ಷತೆಗೋಸ್ಕರ" ಎಂದಿರಿ. ಚೆನ್ನಪ್ಪ ಹೊರಗೆ ಬಂದು ನನ್ನೊಡನೆ, "ಸಿಸ್ಟ್ರೇ, ಗಾಡಿ ಕದಿಯುವವ ಆ ಡಬ್ಬವನ್ನೇ ಯಾಕೆ ಕದೀತಾನೆ? ನನಗೆ ಇದು ಸರಿ ಕಾಣುದಿಲ್ಲ" ಎಂದ. ನನಗೂ ಕಾಣಲಿಲ್ಲ. ಆದರೂ ಸುಮ್ಮನಿದ್ದೆವು. ಕೀ ಬೇಕಾದಾಗ ಕೊಡುತ್ತಾರೆ ಎಂದುಕೊಂಡೆವು.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ.

ಊಟದ ಹೊತ್ತು ಕಳೆದಿತ್ತು. ಲೋಕಯ್ಯ ಬರಿಗಾಲಲ್ಲಿ ಓಡಿಬಂದು ಡಿಸ್ಪೆನ್ಸರಿಯ ಬಾಗಿಲು ಬಡಿದ. "ಸಿಸ್ಟ್ರೇ, ಬೇಗ ಬನ್ನಿ! ಚನಿಯ ಟ್ಯಾಂಕಿನ ಒಳಗಿದ್ದಾನೆ, ಬೆಂಕಿ ಬಿತ್ತು!" ಬ್ಯಾಗು ಹಿಡಿದು ಓಡಿದೆ. ಅಂಗಳದಲ್ಲಿ ಅಡ್ಡ ಮಲಗಿಸಿದ ದೊಡ್ಡ ಟ್ಯಾಂಕು. ಒಂದು ತುದಿಯಲ್ಲಿ ಮನುಷ್ಯ ನುಸುಳುವಷ್ಟು ದುಂಡನೆಯ ಬಾಯಿ. ಚನಿಯ ಅದರೊಳಗೆ ಕೂತು ಕಪ್ಪು ಬಣ್ಣ ಬಳಿಯುತ್ತಿದ್ದ. ಆ ಬಣ್ಣಕ್ಕೆ ಬೆರೆಸುವ ತಿನ್ನರ್‌ನ ಹಬೆ ಒಳಗೆ ತುಂಬಿಕೊಳ್ಳಬಾರದೆಂದು ಬಾಯಿಯ ಬಳಿ ಒಂದು ದೊಡ್ಡ ಫ್ಯಾನ್ ಇರಬೇಕು. ಆ ವಾರ ಫ್ಯಾನು ದೂರದ ಅಸ್ಕರ್ ಊರಿನ ಇನ್ನೊಂದು ಕೆಲಸಕ್ಕೆ ಹೋಗಿತ್ತು. ಬಣ್ಣದ ಕೆಲಸ ಮಾತ್ರ ನಿಲ್ಲಲಿಲ್ಲ. ಒಳಗಿನ ಕೈದೀಪದ ಬಲ್ಬು ಒಡೆಯಿತು, ಒಂದು ಶಬ್ದ, ಬಾಯಿಯಿಂದ ಬೆಂಕಿಯ ನಾಲಗೆ. ಇದನ್ನು ಹೊರಗೆ ನಿಂತಿದ್ದ ಲೋಕಯ್ಯ ನೋಡಿದ್ದಾನೆ. ನಾನು ಅಲ್ಲಿಗೆ ಮುಟ್ಟುವಾಗ ಬಾಯಿಯ ಹತ್ತಿರದ ತಿನ್ನರ್ ಡಬ್ಬವೂ ಚಿಂದಿಬಟ್ಟೆಗಳೂ ಉರಿಯುತ್ತಿದ್ದವು, ಅವುಗಳ ಹಿಂದೆ, ಕತ್ತಲೆಯ ತುದಿಯಲ್ಲಿ ಚನಿಯ ಕೆಮ್ಮುವುದು ಕೇಳುತ್ತಿತ್ತು.

ಪಂಪು ವ್ಯಾನಿನಲ್ಲಿ. ವ್ಯಾನಿಗೆ ಬೀಗ. ಕೀ ತಮ್ಮಲ್ಲಿ. ಚೆನ್ನಪ್ಪ ತಮ್ಮ ಕಚೇರಿಗೆ ಓಡಿದ. ಶರೀಫ್ ಮೆಸ್ಸಿನಿಂದ ಹೊರಬಿದ್ದು ಪಕ್ಕದ ಗೋದಾಮಿನ ಫೋನಿಗೆ ಓಡಿದ, ಅಗ್ನಿಶಾಮಕದವರನ್ನು ಕರೆಯಲು.

ಚೆನ್ನಪ್ಪ ತಮ್ಮ ಕೋಣೆಯಲ್ಲಿ ಏನು ಕೇಳಿದ, ತಾವು ಏನು ಹೇಳಿದಿರಿ ಎಂಬುದನ್ನು ಅವನು ಅದೇ ದಿನ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ನನಗೆ ಹೇಳಿದ್ದಾನೆ. ತಪ್ಪಿದ್ದರೆ ತಾವು ತಿದ್ದಬಹುದು. "ಸಾರ್, ಕೀ ಕೊಡಿ, ಟ್ಯಾಂಕಿನಲ್ಲಿ ಬೆಂಕಿ" ಎಂದನಂತೆ. ತಾವು, "ಗಡಿಬಿಡಿ ಮಾಡಬೇಡ. ಮೊದಲು ನೋಡುವ. ಸಣ್ಣದಾದರೆ ಊರಿಗೆಲ್ಲ ಡಂಗುರ ಯಾಕೆ?" ಎಂದಿರಂತೆ.

"ಸಾರ್, ಚನಿಯ ಒಳಗಿದ್ದಾನೆ."

"ನಾನೇ ಬರ್ತೇನೆ, ನಡಿ."

ಬಂದಿರಿ. ಕೀ ತರಲಿಲ್ಲ. ಮರೆತಿರೋ, ಬೇಕೆಂದೇ ಬಿಟ್ಟಿರೋ? ಇದೊಂದು ಪ್ರಶ್ನೆ ಮಾತ್ರ ಮೂರು ತಿಂಗಳಿಂದ ನನ್ನನ್ನು ಬಿಟ್ಟಿಲ್ಲ. ಮರೆತದ್ದೇ ಆಗಿರಲಿ ಎಂದು ಬಯಸಿದ್ದೇನೆ, ದೇವರಾಣೆ. ಆಮೇಲೆ ನಡೆದುದೆಲ್ಲ ನನಗೆ ಹಾಗೆ ನಂಬಲು ಬಿಡುತ್ತಿಲ್ಲ.

ತಾವು ಅಂಗಳಕ್ಕೆ ಬರುವಷ್ಟರಲ್ಲಿ ಲೋಕಯ್ಯ ಕಾಯುವುದನ್ನು ನಿಲ್ಲಿಸಿದ್ದ. ಮರಳು ಎರಚಿ ಬಾಯಿಯ ಉರಿಯನ್ನು ಸ್ವಲ್ಪ ತಗ್ಗಿಸಿದ. ಗೋಣಿಚೀಲಗಳನ್ನು ನೀರಿಗೆ ಅದ್ದಿ ತಲೆಗೂ ಬೆನ್ನಿಗೂ ಹೊದ್ದುಕೊಂಡ, ಸೊಂಟಕ್ಕೆ ಹಗ್ಗ ಬಿಗಿಸಿದ. "ಎಳೆಯಿರಿ ಅಂದಾಗ ಎಳೆಯಿರಿ, ಬಿಡಬೇಡಿ" ಎಂದು ನಮಗೆ ಹೇಳಿ ತಲೆ ಒಳಗೆ ತೂರಿಸಿದ. ಅವನು ದೊಡ್ಡ ಆಳಲ್ಲ. ಮಾತಾಡುವಾಗ ನೆಲ ನೋಡುವವನು. ಅವನ ಪಾದಗಳು ಆ ಕಪ್ಪು ಬಾಯಿಯೊಳಗೆ ಹೋಗಿ ಕಾಣದಾದಾಗ ನಾನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೆ. "ಎಳೀರಿ!" ಎಂಬ ಕೂಗು ಟ್ಯಾಂಕಿನೊಳಗಿಂದ ಬಂದಾಗ ಎಲ್ಲರೂ ಸೇರಿ ಎಳೆದೆವು. ಲೋಕಯ್ಯ ಹಿಮ್ಮುಖವಾಗಿ ಹೊರಗೆ ಬಂದ, ಅವನ ತೋಳುಗಳ ನಡುವೆ ಚನಿಯ.

ಚನಿಯನ ಎರಡೂ ಕೈಗಳು, ಬೆನ್ನು, ಕುತ್ತಿಗೆ ಸುಟ್ಟಿದ್ದವು. ನೀರು ಹೊಯ್ದು ಶುದ್ಧ ಹಾಸು ಹೊದಿಸಿದೆ. ಉಸಿರು ಸದ್ದು ಮಾಡುತ್ತಿತ್ತು. ಟಾರ್ಚು ಹಾಕಿ ನೋಡಿದರೆ ಮೂಗಿನೊಳಗಿನ ಕೂದಲೆಲ್ಲ ಸುಟ್ಟಿದೆ. ಹಾಗಿದ್ದರೆ ಗಂಟಲೂ ಸುಟ್ಟಿರುತ್ತದೆ, ಬಾತುಕೊಂಡರೆ ಉಸಿರು ಕಟ್ಟುತ್ತದೆ ಎಂದು ನರ್ಸಿಂಗ್ ಓದಿದ ಯಾರಿಗೂ ಗೊತ್ತು. ಅಷ್ಟರಲ್ಲಿ ತಾವು ನನ್ನ ಪಕ್ಕದಲ್ಲಿ ನಿಂತಿದ್ದಿರಿ.

"ಡಿಸ್ಪೆನ್ಸರಿಗೆ ಒಯ್ಯಿರಿ. ಮುಲಾಮು ಹಚ್ಚಿ. ಸಂಜೆ ನೋಡುವ" ಎಂದಿರಿ.

"ಸರ್, ಸಂಜೆಯವರೆಗೆ ಇವನು ಇರುವುದಿಲ್ಲ. ಸಲ್ಮಾನಿಯಾಕ್ಕೆ ಈಗಲೇ ಹೋಗಬೇಕು" ಎಂದೆ.

"ನೀವು ಡಾಕ್ಟರಾ?"

"ಅಲ್ಲ ಸರ್. ಅದಕ್ಕೇ ಹೇಳುವುದು, ಡಾಕ್ಟರರ ಹತ್ತಿರ ಹೋಗುವ ಅಂತ."

ತಾವು ಗೇಟಿನ ಕಡೆ ನೋಡಿದಿರಿ. ಮಾನ್ಯರೇ, ತಮ್ಮ ಕಾಲ ಬಳಿ ಸುಟ್ಟ ಮನುಷ್ಯ ಮಲಗಿರುವಾಗ ತಾವು ಗೇಟಿನ ಕಡೆ ಏಕೆ ನೋಡುತ್ತಿದ್ದಿರಿ?

ಚೆನ್ನಪ್ಪನಿಗೆ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ. ಸುತ್ತಿಗೆ ಎತ್ತಿಕೊಂಡು ಕಚೇರಿಗೆ ನಡೆದ. ಓಡಲಿಲ್ಲ, ನಡೆದ. ಗಾಜು ಒಡೆದ ಸದ್ದು ಅಂಗಳಕ್ಕೆ ಕೇಳಿಸಿತು. ಅಂಗೈಯಿಂದ ರಕ್ತ ತೊಟ್ಟಿಕ್ಕುತ್ತ ಕೀ ಹಿಡಿದು ಬಂದ, ವ್ಯಾನು ತಂದ. ಚನಿಯನನ್ನು ಸ್ಟ್ರೆಚರಿಗೆ ಎತ್ತಿದೆವು. ಈ ಬಾರಿ ಅವನು ತಮಾಷೆ ಮಾಡಲಿಲ್ಲ.

ಗೇಟಿನಾಚೆ ಆಗಲೇ ಗಂಟೆಯ ಸದ್ದು. ಅಗ್ನಿಶಾಮಕದವರು ಬಂದಿದ್ದರು. ಆದರೆ ಗೇಟು ಮುಚ್ಚಿತ್ತು. ಹೊರಗೆ ಏನಾಯಿತೆಂದು ಶರೀಫ್ ಹೇಳಿದ್ದು ಹೀಗೆ. ಕಾವಲುಗಾರ ಕಿಂಡಿಯಿಂದ ಮುಖ ತೋರಿಸಿ, ಕಸ ಸುಟ್ಟದ್ದು, ಆರಿಹೋಯಿತು, ಖಲಾಸ್, ನೀವು ಹೋಗಿ ಎಂದನಂತೆ. ದೊಡ್ಡ ಕೆಂಪು ಗಾಡಿ ಹಿಂದಕ್ಕೆ ತಿರುಗುತ್ತಿತ್ತು. ಫೋನ್ ಮಾಡಿ ಓಡಿ ಬರುತ್ತಿದ್ದ ಶರೀಫ್ ಅದನ್ನು ಕಂಡು, ಮೆಸ್ಸಿನ ಏಪ್ರನ್ನಿನಲ್ಲೇ ಓಣಿಯ ನಡುವೆ ಎರಡೂ ಕೈ ಚಾಚಿ ಅಡ್ಡ ನಿಂತ. "ನಾರ್! ನಾರ್! ದಾಖಿಲ್ ನಫರ್!" ಎಂದು ಕೂಗಿದ. ಬೆಂಕಿ, ಒಳಗೆ ಮನುಷ್ಯ ಇದ್ದಾನೆ ಎಂದು. ಅವನಿಗೆ ಗೊತ್ತಿದ್ದ ಅರಬ್ಬಿಯಲ್ಲಿ ಅಷ್ಟು ಸಾಕಾಯಿತು. ಅದೇ ಹೊತ್ತಿಗೆ ಒಳಗಿನಿಂದ ಚೆನ್ನಪ್ಪ ಹಾರ್ನ್ ಒತ್ತಿ ಹಿಡಿದು ಗೇಟಿಗೆ ನೇರವಾಗಿ ಬಂದ. ನಿಲ್ಲಿಸುವ ಲಕ್ಷಣ ಕಾಣದೆ ಕಾವಲುಗಾರ ಗೇಟು ತೆರೆದ. ನಾವು ಹೊರಗೆ, ಅವರು ಒಳಗೆ. ಅಂಗಳದ ಗೋಡೆಯ ಬುಡದಲ್ಲಿಟ್ಟಿದ್ದ ತಿನ್ನರ್ ಪೀಪಾಯಿಗಳಿಗೆ ಉರಿ ತಗಲುವ ಮೊದಲು ಅವರು ಅದನ್ನು ಆರಿಸಿದರು. ಆ ಗೋಡೆಯ ಆಚೆ ಸಾಲಾಗಿ ಕೋಣೆಗಳು, ಅವುಗಳೊಳಗೆ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಮಂದಿ.

ಕಾವಲುಗಾರನನ್ನು ಮರುದಿನ ಕೇಳಿದೆ. "ಯಾರು ನಿನಗೆ ಹಾಗೆ ಹೇಳಲು ಹೇಳಿದ್ದು?" ಅವನು ನೇಪಾಳದವನು, ಸಾಧು. "ಸಿಸ್ಟರ್‌ಜೀ, ಮೇರಾ ಛೋಟಾ ಬಚ್ಚಾ ಹೈ" ಎಂದ. ಸಣ್ಣ ಮಗುವಿದೆ, ಕೆಲಸ ಉಳಿಯಬೇಕು ಎಂದು ಅದರ ಅರ್ಥ. ಅದೇ ವಾರ ಅವನನ್ನು ಬೇರೆ ಗೋದಾಮಿಗೆ ಕಳುಹಿಸಲಾಯಿತು.

ಸಲ್ಮಾನಿಯಾದ ಡಾಕ್ಟರರು ಚನಿಯನ ಗಂಟಲಿಗೆ ನಳಿಗೆ ಇಳಿಸಿ ಉಸಿರು ಉಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ನಳಿಗೆಗೆ ದಾರಿ ಇರುತ್ತಿರಲಿಲ್ಲ ಎಂದರು. ಅವನು ಬದುಕಿದ. ಎಡಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ದನಿ ಒಡೆದುಹೋಗಿದೆ.

ನಾನು ಆಸ್ಪತ್ರೆಯಿಂದ ಕ್ಯಾಂಪಿಗೆ ಮರಳಿದ ಬೆಳಗ್ಗೆ ಗೇಟಿನ ನೀಲಿ ಬೋರ್ಡಿನಲ್ಲಿ ಅಂಕಿ ಒಂದು ಏರಿತ್ತು. ಯಾರೋ ಮರೆವಿನಿಂದ ಬದಲಿಸಿರಬೇಕೆಂದು ಭಾವಿಸಿದೆ. ಮಧ್ಯಾಹ್ನ ತಾವು ಎಲ್ಲರನ್ನೂ ಸೇರಿಸಿ ಪ್ರಕಟಿಸಿದಿರಿ. ಟ್ಯಾಂಕಿನ ಬಳಿ ಸಣ್ಣ ಬೆಂಕಿ ಕಾಣಿಸಿಕೊಂಡದ್ದು ನಿಜ, ಆದರೆ ಅಲ್ಲಿ ಯಾರೂ ಇರಲಿಲ್ಲ. ಚನಿಯ ಸುಟ್ಟುಕೊಂಡದ್ದು ತನ್ನ ಕೋಣೆಯಲ್ಲಿ, ಸ್ಟೌ ಭಗ್ ಎಂದು ಹತ್ತಿ. ಅಂದರೆ ಒಂದೇ ಮಧ್ಯಾಹ್ನ ಎರಡು ಬೆಂಕಿ. ಒಂದರಲ್ಲಿ ಮನುಷ್ಯನಿಲ್ಲ, ಇನ್ನೊಂದರಲ್ಲಿ ಉರಿಯಿಲ್ಲ. ಏಕೆಂದರೆ ನಾನು ಆ ಕೋಣೆಗೆ ಹೋಗಿ ನೋಡಿದ್ದೇನೆ. ಚನಿಯನ ಮಂಚದ ಹಾಸಿಗೆ ಹಾಗೆಯೇ ಇದೆ, ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ದೇವಿಯ ಮುಖಕ್ಕೆ ಮಸಿ ತಾಗಿಲ್ಲ. ನೆಲದಲ್ಲಿ ಹೊಚ್ಚಹೊಸ ಸ್ಟೌ. ಬತ್ತಿ ಬೆಳ್ಳಗೆ ಮಲ್ಲಿಗೆಯಂತಿತ್ತು. ಒಬ್ಬ ಮನುಷ್ಯನ ಬೆನ್ನನ್ನೆಲ್ಲ ಸುಟ್ಟು ತನ್ನ ಬತ್ತಿಯನ್ನು ಮಾತ್ರ ಬೆಳ್ಳಗೆ ಉಳಿಸಿಕೊಳ್ಳುವ ಇಂಥ ಸ್ಟೌ ಎಲ್ಲಿ ಸಿಗುತ್ತದೆ? ಹೇಳಿದರೆ ನಮ್ಮ ಹೆಂಗಸರೂ ಕೊಳ್ಳಬಹುದು.

ಶರೀಫ್ ಆ ಸ್ಟೌವನ್ನು ಕಾಲಿನಿಂದ ಮೆಲ್ಲಗೆ ದೂಡಿ ಹೇಳಿದ, "ಮೂರು ಹೊತ್ತೂ ನನ್ನ ಮೆಸ್ಸಲ್ಲಿ ಉಣ್ಣುವವನಿಗೆ ಇದು ಎಂತಕ್ಕೆ ಸಿಸ್ಟರೇ? ಅವನಿಗೆ ಚಾ ಕಾಯಿಸ್ಲಿಕ್ಕೂ ಗೊತ್ತಿಲ್ಲ."

ಆ ಮಾತು ಬೆಳ್ತಂಗಡಿಯ ಹತ್ತಿರದ ಹಳ್ಳಿಯಲ್ಲಿರುವ ಚನಿಯನ ಹೆಂಡತಿ ಅಮ್ಮಣ್ಣಿಗೂ ಹೊಳೆದಿದೆ. ತಮ್ಮ ಕಚೇರಿಯಿಂದ ಅವಳಿಗೆ ತಂತಿ ಹೋಗಿತ್ತಲ್ಲ, ಅಜಾಗರೂಕತೆಯಿಂದ ಅಡುಗೆ ಮಾಡಿ ಸುಟ್ಟುಕೊಂಡಿದ್ದಾನೆ ಎಂದು. ರಜೆ ಮುಗಿಸಿ ಬಂದವರ ಮೂಲಕ ಅವಳು ಕೇಳಿ ಕಳಿಸಿದ್ದಳು: "ಅನ್ನ ಬಸಿಯಲು ಬಾರದವರು ಅಡುಗೆಗೆ ಯಾಕೆ ಹೋದರು? ಅಲ್ಲಿ ಊಟ ಹಾಕುವುದಿಲ್ಲವಾ?" ಇದಕ್ಕೆ ಏನು ಉತ್ತರ ಕೊಡಲಿ ಎಂದು ತಾವೇ ಹೇಳಿ.

ಅನಂತರ ತಮ್ಮ ದಯೆ ಶುರುವಾಯಿತು. ಅದರ ಬಗ್ಗೆ ನನಗೆ ತಮ್ಮ ಸಿಟ್ಟಿಗಿಂತ ಹೆಚ್ಚು ಭಯ. ಲೋಕಯ್ಯನ ತಾಯಿ ಹಿಂದಿನ ವರ್ಷ ತೀರಿಕೊಂಡಾಗ ಅವನು ನಾಲ್ಕು ದಿನದ ರಜೆ ಕೇಳಿ, ಸಿಗದೆ, ಇಲ್ಲೇ ತಲೆ ಬೋಳಿಸಿಕೊಂಡು ಕೆಲಸಕ್ಕೆ ಹೋಗಿದ್ದ. ಅದೇ ಲೋಕಯ್ಯನಿಗೆ ಈಗ ಕೇಳದೆಯೇ ದೀರ್ಘ ರಜೆ, ಕೈಗೆ ವಿಮಾನದ ಟಿಕೆಟು. ಅವನು ಅದನ್ನು ನನಗೆ ತೋರಿಸಲು ಬಂದ. ಸಂತೋಷವಿರಲಿಲ್ಲ ಅವನ ಮುಖದಲ್ಲಿ. "ಸಿಸ್ಟ್ರೇ, ನನ್ನನ್ನು ಯಾಕೆ ಕಳಿಸ್ತಾರೆ? ವಾಪಸ್ ಬರ್ಲಿಕ್ಕೆ ಬಿಡ್ತಾರಾ?" ಅವನು ಹೋಗಿ ಎರಡು ತಿಂಗಳು ಕಳೆದಿದೆ, ಹಿಂದಿರುಗುವ ವೀಸಾ ಬಂದಿಲ್ಲ. ಚೆನ್ನಪ್ಪನಿಗೆ ರಜೆಯ ಭಾಗ್ಯ ಸಿಗಲಿಲ್ಲ, ಕಂಪನಿಯ ಕಪಾಟು ಒಡೆದನೆಂದು ಕೆಲಸದಿಂದಲೇ ತೆಗೆದಿರಿ. ಸ್ವಯಂಸೇವಕ ತಂಡವನ್ನು "ಶಿಸ್ತಿನ ದೃಷ್ಟಿಯಿಂದ" ವಿಸರ್ಜಿಸಿದಿರಿ. ಮತ್ತು ನನಗೆ ಬಡ್ತಿ! ಅಸ್ಕರ್ ಹತ್ತಿರ ಹೊಸ ಡಿಸ್ಪೆನ್ಸರಿ, ಏಸಿ ಇರುವ ಕ್ವಾರ್ಟರ್ಸು, ಕೆಲಸವೂ ಕಡಿಮೆ. ಅಲ್ಲಿಂದ ಸಲ್ಮಾನಿಯಾಕ್ಕೆ ದೂರವೂ ಜಾಸ್ತಿ, ಚನಿಯನನ್ನು ನೋಡಲು ಬರುವುದು ಕಷ್ಟ ಎಂಬುದನ್ನು ತಾವು ಹೇಳಲಿಲ್ಲ, ನಾನೇ ಯೋಚಿಸಿಕೊಂಡೆ. ಚನಿಯನಿಗೆ ಅವನ ಕೋಣೆಯಲ್ಲೇ ಮೊದಲ ಚಿಕಿತ್ಸೆ ಕೊಟ್ಟೆ ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕು ಎಂದಿರಿ. "ಒಂದು ಸಾಲು ಅಷ್ಟೆ, ಸಿಸ್ಟರ್. ನಾವು ನಾವೇ ಅಲ್ವಾ?" ಎಂದು ತುಳುವಿನಲ್ಲಿ, ನಗುನಗುತ್ತಾ. ನಮ್ಮ ಭಾಷೆ ಕೇಳಿ ನನಗೆ ಹೆದರಿಕೆಯಾದದ್ದು ಅದೇ ಮೊದಲು.

ಆ ಶುಕ್ರವಾರ ಆಸ್ಪತ್ರೆಗೆ ಹೋದೆ. ಚನಿಯನ ಮಂಚದ ಪಕ್ಕದಲ್ಲಿ ಸೇಬುಹಣ್ಣಿನ ಬುಟ್ಟಿ. ತಾವು ಬಂದಿದ್ದಿರೆಂದು ತಿಳಿಯಿತು. ಅವನು ಸುತ್ತ ನೋಡಿ, ಒಡೆದ ದನಿಯಲ್ಲಿ ನನ್ನನ್ನು ಕೇಳಿದ, "ಸಿಸ್ಟ್ರೇ, ಆ ಸ್ಟೌ ಎಷ್ಟು ಬತ್ತಿದು?"

"ಯಾಕೆ ಚನಿಯ?"

"ಯಾರಾದ್ರೂ ಕೇಳಿದ್ರೆ ನನಗೆ ಗೊತ್ತಿರ್ಬೇಕಲ್ಲ."

ನನಗೆ ನಗುವೂ ಬಂತು, ಅಳುವೂ ಬಂತು. ಮೆಲ್ಲಮೆಲ್ಲಗೆ ಎಲ್ಲ ಹೊರಗೆ ಬಂತು. ಟ್ಯಾಂಕಿನಲ್ಲಿ ಬೆಂಕಿ ಬಿದ್ದದ್ದು ಅಂದರೆ ವಿಚಾರಣೆ ಆಗುತ್ತದೆ, ಹೊರಗೆ ಕಾವಲು ನಿಂತಿದ್ದ ಲೋಕಯ್ಯನ ಮೇಲೆ ತಪ್ಪು ಬರುತ್ತದೆ, ಕೀ ಕದ್ದ ಚೆನ್ನಪ್ಪ ಜೈಲಿಗೆ ಹೋಗುತ್ತಾನೆ, ಸ್ಟೌ ಎಂದರೆ ಎಲ್ಲರೂ ಉಳಿಯುತ್ತಾರೆ. ಹೀಗೆ ತಾವು ಅವನಿಗೆ ಹೇಳಿದ್ದಿರಿ. ತನ್ನನ್ನು ಬೆಂಕಿಯಿಂದ ಎಳೆದವನನ್ನು ಉಳಿಸಲು ಅವನು ಒಪ್ಪಿಕೊಂಡಿದ್ದ. ಬ್ಯಾಂಡೇಜು ಸುತ್ತಿದ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು, ನೋಡದ ಸ್ಟೌವಿನ ಬತ್ತಿ ಎಷ್ಟೆಂದು ಕಲಿಯಲು ತಯಾರಾಗಿದ್ದ. ಒಬ್ಬನ ಒಳ್ಳೆಯತನವನ್ನು ಹೀಗೂ ಉಪಯೋಗಿಸಿಕೊಳ್ಳಬಹುದು ಎಂದು ನನಗೆ ಗೊತ್ತಿರಲಿಲ್ಲ, ಮಾನ್ಯರೇ.

"ಲೋಕಯ್ಯ ಹೋಗಿಯಾಯ್ತು ಚನಿಯ. ಟಿಕೆಟು ಕೊಟ್ಟು ಕಳಿಸಿದ್ರು. ಚೆನ್ನಪ್ಪನನ್ನೂ ತೆಗೆದ್ರು" ಎಂದೆ.

ಅವನು, "ಹಾಗಾದ್ರೆ ನಾನು ಯಾರಿಗೋಸ್ಕರ ಸುಳ್ಳು ಹೇಳ್ಬೇಕು?" ಎಂದ.

ಮರುವಾರ ಇಲ್ಲಿನ ಕಾರ್ಮಿಕ ಇಲಾಖೆಯವರು ವಾರ್ಡಿಗೆ ಬಂದಾಗ ಚನಿಯ ಟ್ಯಾಂಕಿನ ವಿಷಯ ಹೇಳಿದ. ಅವನ ಗಂಟಲಿನಿಂದ ಮಾತು ಹೊರಡುವುದು ಕಷ್ಟ, ಹೊರಟದ್ದನ್ನು ನಾನು ಹಿಂದಿಗೆ ತಂದೆ, ಅವರ ಜೊತೆಗಿದ್ದವರು ಅರಬ್ಬಿಗೆ ತಂದರು. ಊರಿಗೆ ಹೊರಡುವ ಮುನ್ನ ಚೆನ್ನಪ್ಪನೂ ಹೋಗಿ ಹೇಳಿ ಬಂದ. ಶರೀಫನೂ ಹೇಳಿದ. ಗೇಟಿನ ಬಳಿ ಅವನು ಅಡ್ಡಗಟ್ಟಿದ ಅಗ್ನಿಶಾಮಕದವರು ಅವನ ಏಪ್ರನ್ನನ್ನು ಮರೆತಿರಲಿಲ್ಲವಂತೆ. ವಿಚಾರಣೆ ನಡೆಯುತ್ತಿದೆ. ಅದರ ತೀರ್ಪನ್ನು ನಾನು ಊಹಿಸುವುದಿಲ್ಲ. ತಾವು ಈಗ ಎಲ್ಲರಿಗೂ, "ಆ ನರ್ಸಿಗೆ ಬಡ್ತಿ ಸಿಗದ ಹೊಟ್ಟೆಕಿಚ್ಚು" ಎಂದು ಹೇಳುತ್ತಿರುವುದು ಮಾತ್ರ ನನ್ನ ಕಿವಿಗೆ ಬಿದ್ದಿದೆ. ಬಡ್ತಿಯ ಕಾಗದ ಇನ್ನೂ ತಮ್ಮ ಮೇಜಿನ ಮೇಲೆ ನನ್ನ ಸಹಿಗೆ ಕಾಯುತ್ತಿದೆ. ಯಾರಾದರೂ ಬಂದು ನೋಡಬಹುದು.

ತೀರ್ಪು ಬರುವವರೆಗೆ ಕಾಯಬಹುದಿತ್ತಲ್ಲ, ಪತ್ರಿಕೆಗೆ ಏಕೆ ಹೋದೆ? ಕಾರಣವಿದೆ. ಕಳೆದ ವಾರ ಎದುರಿನ ಮರದ ಕಾರ್ಖಾನೆಯಲ್ಲಿ ಗರಗಸಕ್ಕೆ ತೋಳು ಸಿಕ್ಕಿದ ತಮಿಳಿನವನೊಬ್ಬನನ್ನು ಅವನ ಜೊತೆಗಾರರು ಎತ್ತಿಕೊಂಡು ನಮ್ಮ ಗೇಟಿಗೆ ಬಂದರು. ತಂಡ ವಿಸರ್ಜನೆಯಾದದ್ದು ಅವರಿಗೆ ಗೊತ್ತಿರಲಿಲ್ಲ. ಹೊಸ ಕಾವಲುಗಾರ, "ಗಾಡಿ ಬಂದ್" ಎಂದ. ವ್ಯಾನು ಅವರ ಕಣ್ಣೆದುರಿಗೇ, ತಮ್ಮ ಕಚೇರಿಯ ಹಿಂದೆ ನಿಂತಿತ್ತು. ನಾನು ರಕ್ತ ಹರಿಯದಂತೆ ಕಟ್ಟು ಹಾಕಿ, ಬಂದ ಮೊದಲ ಲಾರಿಯನ್ನು ನಿಲ್ಲಿಸಿ ಕಳಿಸಿದೆ. ಅವನು ಬದುಕಿದ್ದಾನೆ, ತೋಳು ಉಳಿಯಲಿಲ್ಲ. ವ್ಯಾನು ಇದ್ದಿದ್ದರೆ ಉಳಿಯುತ್ತಿತ್ತೇ? ನಾನು ಹೇಳಲಾರೆ. ತಾವೂ ಹೇಳಲಾರಿರಿ. ಆ ಮನುಷ್ಯ ಮಾತ್ರ ಜೀವನಪೂರ್ತಿ ಇದನ್ನು ಕೇಳಿಕೊಳ್ಳುತ್ತಿರುತ್ತಾನೆ.

ಹಾಗಾಗಿ ನನ್ನ ಒತ್ತಾಯ ಇಷ್ಟು. ವಿಚಾರಣೆ ತನ್ನ ಪಾಡಿಗೆ ನಡೆಯಲಿ, ಅದಕ್ಕೆ ಕಾಯದೆ ನಾಳೆಯೇ ಆ ವ್ಯಾನನ್ನು ಬಿಡಿ. ನಮ್ಮ ತಂಡದ ಮೇಲೆ ನಂಬಿಕೆಯಿಲ್ಲದಿದ್ದರೆ ಪಾಕಿಸ್ತಾನದವರಿಗೆ ಕೊಡಿ, ಮಲಯಾಳಿಗಳಿಗೆ ಕೊಡಿ, ಓಡಿಸಲು ಬರುವ ಯಾರಿಗಾದರೂ ಕೊಡಿ. ಕೀ ಅದರಲ್ಲೇ ನೇತಾಡುತ್ತಿರಲಿ. ಲೋಕಯ್ಯನ ವೀಸಾ ಕಳಿಸಿ. ಚೆನ್ನಪ್ಪನನ್ನು ಮರಳಿ ಕರೆಸಿ. ಆಮೇಲೆ ಒಂದು ಶುಕ್ರವಾರ, ಹಣ್ಣಿನ ಬುಟ್ಟಿಯಿಲ್ಲದೆ, ಸಲ್ಮಾನಿಯಾದ ವಾರ್ಡಿಗೆ ಬನ್ನಿ. ಚನಿಯನ ಎದುರು ಕುಳಿತು, ಅವನ ಕೈಗಳನ್ನು ನೋಡುತ್ತಾ, ಅವನು ಎಲ್ಲಿ ಸುಟ್ಟುಹೋದ ಎಂದು ಒಂದೇ ಒಂದು ಸಲ ತಮ್ಮ ಬಾಯಿಂದ ಹೇಳಿ. ಆಗ ನಾನೇ ಅಮ್ಮಣ್ಣಿಗೆ ಪತ್ರ ಬರೆಯುತ್ತೇನೆ, ನಿನ್ನ ಗಂಡ ಅಡುಗೆಗೆ ಹೋಗಿರಲಿಲ್ಲ, ಕೆಲಸಕ್ಕೆ ಹೋಗಿದ್ದ ಎಂದು.

ಇಂತಿ,
ತಮ್ಮ ದಯೆಗೆ ಇನ್ನೂ ಸಹಿ ಹಾಕದ,
ನಾಳೆ ತನಗೂ ಟಿಕೆಟು ಬಂದೀತೆಂದು ಪೆಟ್ಟಿಗೆ ಕಟ್ಟಿಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಿರುವ
ಹರಿಣಾಕ್ಷಿ, ದಾದಿ